ನಮ್ಮ ಮನೆಯ ನಲ್ಲಿ ಐತವಾರ ಮಾತ್ರ

ನಗರದ ನೀರು ಸರಬರಾಜು ಅಭಿಯಂತರರಿಗೆ,

ಮಾನ್ಯರೇ,

ಬೀದರ ನಗರದ ಸಮಸ್ತ ನಾಗರಿಕರ ಸಮಕ್ಷಮದಲ್ಲಿ ಒಂದು ಮಹತ್ವದ ಸಂಗತಿಯನ್ನು ಘೋಷಿಸುತ್ತಿದ್ದೇನೆ. ನೌಬಾದದ ನಮ್ಮ ಹೊಸ ಮನೆಯ ಅಡುಗೆಮನೆಯಲ್ಲಿ ಸ್ಟೀಲಿನದೊಂದು ನಳ ಇದೆ. ಕೊರಳು ಹಂಸದಂತೆ ಬಾಗಿದೆ, ಎಡಕ್ಕೂ ಬಲಕ್ಕೂ ತಿರುಗುತ್ತದೆ. ಗೃಹ ಪ್ರತಿಷ್ಠೆಯ ಪ್ರಾರ್ಥನೆಗೆ ಬಂದ ನಮ್ಮ ಪಾಸ್ಟರರು ಅದನ್ನೂ ಮುಟ್ಟಿ ಆಶೀರ್ವದಿಸಿದರು. ಆಮೇಲಿನ ಮೂರು ತಿಂಗಳಲ್ಲಿ ಅದರಿಂದ ಹೊರಬಂದದ್ದು ಒಂದು ಜೇಡ. ನೀರು ಬಂದಿಲ್ಲ, ಯಾಕೆಂದರೆ ತಮ್ಮ ಕಚೇರಿ ನಮಗೆ ಸಂಪರ್ಕ ಕೊಟ್ಟಿಲ್ಲ.

ಹೊಸ ಮನೆಗೆ ಬಂದವನಿಗೆ ಇಲಾಖೆಗಳ ದರ್ಶನ ತಪ್ಪಿದ್ದಲ್ಲ, ಅದಕ್ಕೆ ನನ್ನ ದೂರಿಲ್ಲ. ಕರೆಂಟಿನ ಮೀಟರು ಎರಡು ವಾರದಲ್ಲಿ ಗೋಡೆ ಹತ್ತಿತು. ಗ್ಯಾಸಿನ ವಿಳಾಸ ಬದಲಾಯಿತು. ಮೊದಲ ಸಿಲಿಂಡರ್ ಹಿಂದಿನ ಮನೆಗೆ ಹೋಯಿತು, ಎರಡನೆಯದು ನಮಗೇ ಬಂತು. ತಮ್ಮ ಕಚೇರಿ ಮಾತ್ರ ನನ್ನ ಅರ್ಜಿಯನ್ನು ಹೀಗೆ ಬರೆದು ಮರಳಿಸಿತು: ‘ಅರ್ಜಿದಾರರ ಮನೆಯಲ್ಲಿ ಈಗಾಗಲೇ ನಲ್ಲಿ ಇರುವುದು ಸಮೀಕ್ಷೆಯಿಂದ ದೃಢಪಟ್ಟಿದೆ. ಅವಧಿ: ಭಾನುವಾರ ಹನ್ನೊಂದರಿಂದ ಹನ್ನೆರಡು. ಒತ್ತಡ: ಹೆಚ್ಚು. ಪೂರೈಸುವವರು: ಕಲೀಮ, ಖಾಯಂ.’

ತಾವು ಕಾವೇರಿ ಸೀಮೆಯಿಂದ ವರ್ಗವಾಗಿ ಬಂದವರೆಂದು ಕೇಳಿದ್ದೇನೆ. ಅಲ್ಲಿ ನೀರು ಬರುವುದು ನಲ್ಲಿಯಿಂದ. ನಮ್ಮಲ್ಲಿ ಅದು ನಳ. ನಲ್ಲಿ ಎಂದರೆ ಮಟನ್ನಿನ ಕಾಲಿನ ಎಲುಬು, ಒಳಗೆ ಕೊಬ್ಬಿನಂಥ ತಿರುಳಿರುತ್ತದೆ, ತಟ್ಟೆಗೆ ಕುಟ್ಟಿ ಬಾಯಿಗಿಟ್ಟು ಹೀರಬೇಕು. ಈ ವ್ಯತ್ಯಾಸವನ್ನು ತಮ್ಮ ಇಲಾಖೆಯ ಯಾವ ಸುತ್ತೋಲೆಯೂ ಗಮನಿಸಿದಂತಿಲ್ಲ.

ಒಂದು ಮಂಗಳವಾರ ತಮ್ಮ ಕಡೆಯಿಂದ ಸಮೀಕ್ಷೆಯ ಹೆಣ್ಣುಮಗಳೊಬ್ಬರು ಉದ್ದನೆಯ ಫಾರಂ ಹಿಡಿದು ಬಂದರು. ನಾನೂ ನನ್ನ ಹೆಂಡತಿ ಪ್ರಿಸಿಲ್ಲಾಳೂ ಡ್ಯೂಟಿಗೆ ಹೋಗಿದ್ದೆವು. ಮನೆಯಲ್ಲಿದ್ದವಳು ನನ್ನ ಅವ್ವ ಮಾರ್ಥಾ. ಭಾಲ್ಕಿ ತಾಲೂಕಿನ ಮೆಹಕರದಲ್ಲಿ ಹುಟ್ಟಿ ಬೆಳೆದವಳು, ಮನೆಗೆ ಬಂದವರು ಅಡುಗೆಯ ವಿಚಾರ ಕೇಳಿದರೆ ಸಂತೋಷಪಡುವವಳು. ಆ ದಿನದ ಸಂಭಾಷಣೆಯನ್ನು ಅವ್ವ ಹೇಳಿದಂತೆಯೇ ಸಲ್ಲಿಸುತ್ತಿದ್ದೇನೆ.

‘ಅಮ್ಮ, ಮನೇಲಿ ನಲ್ಲಿ ಇದೆಯಾ?’

‘ಇವತ್ತ ಮಂಗಳವಾರ ಅಲ್ಲೇನವ್ವ. ಐತವಾರ ಬಾ, ಇರ್ತದ.’

‘ವಾರಕ್ಕೆ ಒಂದೇ ದಿನಾನಾ? ಎಷ್ಟು ಹೊತ್ತಿಗೆ?’

‘ಚರ್ಚ್ ಬಿಟ್ಟಮ್ಯಾಲ. ಹನ್ನೊಂದಕ್ಕ ಬರ್ತದ, ಹನ್ನೆರಡಕ್ಕ ಖಲಾಸ.’

‘ಎಲ್ಲರಿಗೂ ಸಾಕಾಗುತ್ತಾ?’

‘ಎಲ್ಲಿ ಸಾಕಾಗ್ತದ? ಮೊಮ್ಮಕ್ಕಳು ಹೊಡದಾಡ್ತಾವ. ನನ್ನ ಪಾಲಿಗಿ ಬರೇ ರಸ.’

‘ಯಾರು ಕೊಡ್ತಾರೆ?’

‘ಕಲೀಮ ಕೊಡ್ತಾನ. ಬ್ಯಾರೆ ಕಡಿ ನಾವ್ ತಗೊಳ್ಳಂಗಿಲ್ಲ. ಖಾಯಂ ಅವನೇ.’

‘ಪ್ರೆಶರ್ ಹೇಗಿದೆ ಅಮ್ಮ?’

‘ಭಾಳ ಅದವ್ವ. ದಿನಾ ಗುಳಿಗಿ ತಗೋತೇನಿ. ನೀನಾರ ಕೇಳ್ದಿ ನೋಡು, ಮನ್ಯಾಗ ಯಾರೂ ಕೇಳಂಗಿಲ್ಲ.’

ಅವ್ವ ಆಕೆಗೆ ಚಹಾ ಕೊಟ್ಟು ಕಳಿಸಿದಳು. ಮಾನ್ಯರೇ, ಈ ಉತ್ತರಗಳಲ್ಲಿ ಒಂದಾದರೂ ಸುಳ್ಳಿದೆಯೇ? ಇಷ್ಟು ಪ್ರಾಮಾಣಿಕವಾಗಿ ತಮ್ಮ ಫಾರಂ ತುಂಬಿಸಿದ ನಾಗರಿಕರು ಜಿಲ್ಲೆಯಲ್ಲಿ ಎಷ್ಟು ಜನ ಸಿಕ್ಕಾರು? ಸತ್ಯ ಹೇಳಿದ್ದಕ್ಕೆ ನೀರು ನಿಲ್ಲಿಸುವ ನಿಯಮ ಯಾವ ಕಾಯಿದೆಯಲ್ಲಿದೆ, ದಯವಿಟ್ಟು ತಿಳಿಸಿ.

ಇಷ್ಟಕ್ಕೇ ಮುಗಿಯಲಿಲ್ಲ. ಅನಧಿಕೃತವಾಗಿ ನಲ್ಲಿ ಪೂರೈಸುತ್ತಿರುವುದಕ್ಕೆ ಕಾರಣ ಕೇಳಿ ಕಲೀಮನ ಮಟನ್ ಅಂಗಡಿಗೆ ನೋಟಿಸು ಹೋಯಿತು. ಪ್ಲಂಬರ್ ಲೈಸೆನ್ಸ್ ಹಾಜರುಪಡಿಸಬೇಕಂತೆ. ಕಲೀಮ ಅದನ್ನು ನನ್ನ ಕೈಗಿಟ್ಟು, ‘ಪ್ರಭುದಾಸ ಮಾಸ್ತರ್, ಮೂವತ್ತ ವರ್ಷ ಆಯ್ತು ನಲ್ಲಿ ಕೊಡ್ಲತ್ತೇನಿ, ಖರೆ ಅದ. ಎಲ್ಲ್ಯಾರ ಸೋರ್ಲತ್ತದ ಅಂತ ಒಬ್ಬ ಗಿರಾಕಿನಾರ ವಾಪಸ್ ಬಂದಾನೇನ್ರಿ?’ ಎಂದು ಕೇಳಿದ. ಈ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ. ಉತ್ತರ ತಮ್ಮಲ್ಲಿದ್ದರೆ ನೇರವಾಗಿ ಅವನಿಗೇ ತಿಳಿಸಬಹುದು.

ನಾನು ತಮ್ಮ ಕಚೇರಿಗೂ ಬಂದಿದ್ದೆ. ಗುಮಾಸ್ತರು ಔರಾದ ಕಡೆಯವರು, ನಮ್ಮ ಮಾತು ಬಲ್ಲವರು. ಫಾರಂ ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಕಚೇರಿಯಿಂದ ನಮಗೆ ಇಲ್ಲಿಯವರೆಗೆ ದೊರೆತ ನೀರು ಅಷ್ಟೇ.

‘ತಿಳೀತಲ್ಲ, ಹಂಗಾದ್ರ ಸುಧಾರಿಸ್ರಿ’ ಎಂದೆ.

‘ನನಗ ತಿಳೀತದ್ರಿ ಮಾಸ್ತರ್, ಫೈಲಿಗಿ ತಿಳೀಬೇಕಲ್ಲ. ಸಾಹೇಬರಿಗಿ ಏನಂತ ಬರೀಲಿ? ಫೈಲಿನಾಗ ಮಟನ್ ಬರೀಲಾಕ ಕಾಲಂ ಇಲ್ರಿ.’

‘ಬಾಯಿಲೆ ಹೇಳ್ರಿ ಮತ್ತ.’

‘ಸಾಹೇಬರು ಉಳ್ಳಾಗಡ್ಡಿನೂ ತಿನ್ನಂಗಿಲ್ರಿ. ಎಲುಬಿನ ಸುದ್ದಿ ನಾ ಹ್ಯಾಂಗ ತೆಗೀಲಿ?’

ಆದ್ದರಿಂದ ಈ ಬಹಿರಂಗ ಪತ್ರ. ತಮ್ಮ ಸಿಬ್ಬಂದಿ ಸಂಕೋಚದಿಂದ ನುಂಗಿಕೊಂಡ ಎಲುಬನ್ನು ನಾನು ಪತ್ರಿಕೆಯ ಮೂಲಕ ತಮ್ಮ ಮೇಜಿನ ಮೇಲೆ ಇಡಬೇಕಾಯಿತು. ಕ್ಷಮೆಯಿರಲಿ.

ಇಲ್ಲಿಯವರೆಗೆ ನಾವು ಬದುಕಿದ್ದು ಪಕ್ಕದ ಮನೆಯ ಕಾಂತಾಬಾಯಿಯವರ ಪುಣ್ಯದಿಂದ. ಅವರ ನಳಕ್ಕೆ ಸಿಕ್ಕಿಸಿದ ರಬ್ಬರಿನ ಪೈಪು ಕಂಪೌಂಡ್ ಹಾರಿ ನಮ್ಮ ನೀರು ತುಂಬುವ ಹೌದಿಗೆ ಬೀಳುತ್ತದೆ. ಮೊದಲ ತಿಂಗಳು, ‘ನಿಮ್ಮದೇ ಅಂತ ತಿಳೀರಿ’ ಅಂದರು. ಎರಡನೇ ತಿಂಗಳು, ‘ತುಂಬ್ತೇನ್ರಿ?’ ಅಂದರು. ಹೋದ ವಾರ ಗೋಡೆಯ ಮೇಲಿಂದ, ‘ಪ್ರಭಣ್ಣ, ನಮ್ಮ ನಳಕ್ಕ ನಿಮ್ಮನಿಗಿ ಮದುವಿ ಮಾಡಿ ಕೊಟ್ಟಂಗ ಆಗ್ಯಾದ ನೋಡ್ರಿ, ತವರಿಗಿ ಬರೋದೇ ಇಲ್ಲ’ ಅಂದರು. ನಕ್ಕೇ ಅಂದರು, ಆದರೆ ಅವತ್ತಿನಿಂದ ಅವ್ವ ಪೈಪು ಮುಟ್ಟುವುದಿಲ್ಲ. ತಪ್ಪೆಲ್ಲ ತನ್ನ ಬಾಯಿಯದೆಂದು ತಾನೇ ತೀರ್ಮಾನಿಸಿ, ಅರ್ಧ ಬಕೆಟ್ಟಿನಲ್ಲಿ ಸ್ನಾನ ಮುಗಿಸುತ್ತಾಳೆ. ಯಾರಾದರೂ ಫಾರಂ ಹಿಡಿದು ಓಣಿಯಲ್ಲಿ ಬಂದರೆ ಬಾಗಿಲು ಹಾಕಿಕೊಳ್ಳುತ್ತಾಳೆ.

ಅವಸರಕ್ಕೆ ಕಾರಣವಿದೆ. ತಮ್ಮ ಇಲಾಖೆಯ ದೊಡ್ಡ ಪೈಪು ಇರುವುದು ರಸ್ತೆಯ ಆಚೆ, ನಾವಿರುವುದು ಈಚೆ. ಬರುವ ಸೋಮವಾರ ಈ ರಸ್ತೆಗೆ ಕಾಂಕ್ರೀಟು ಹಾಕುತ್ತಾರೆ. ಹಾಕಿದ ಮೇಲೆ ಐದು ವರ್ಷ ಯಾರೂ ಅಗೆಯಕೂಡದು ಎಂದು ಗುತ್ತಿಗೆದಾರರು ಬೋರ್ಡು ನೆಟ್ಟಿದ್ದಾರೆ. ಅವ್ವನಿಗೆ ಈಗ ಎಪ್ಪತ್ತಮೂರು. ಅವಳ ಇನ್ನೈದು ವರ್ಷವನ್ನು ಅರ್ಧ ಬಕೆಟ್ಟಿಗೆ ಇಳಿಸುವ ಧೈರ್ಯ ತಮಗಿದೆಯೇ? ನನಗಂತೂ ಇಲ್ಲ.

ನನ್ನ ಆಗ್ರಹ ಇಷ್ಟೇ. ಫಾರಂನಲ್ಲಿ ‘ಇದೆ’ ಎಂಬಲ್ಲಿ ‘ಇಲ್ಲ’ ಎಂದು ತಿದ್ದಿ ಸಂಪರ್ಕ ಮಂಜೂರು ಮಾಡಿ, ಕಲೀಮನ ನೋಟಿಸು ರದ್ದು ಮಾಡಿ, ಮುಂದಿನ ಫಾರಂಗಳನ್ನು ಇಲ್ಲಿ ಹಂಚುವ ಮೊದಲು ‘ನಳ’ ಎಂದು ಅಚ್ಚು ಹಾಕಿಸಿ. ತಿದ್ದಿದ್ದಕ್ಕೆ ಸಹಿ, ಸಹಿಯ ಮೇಲೆ ಮೊಹರು, ಮೊಹರಿಗೆ ಮೇಲಿನವರ ಒಪ್ಪಿಗೆ, ಇವೆಲ್ಲ ಸೋಮವಾರದೊಳಗೆ ಆಗುವ ಮಾತಲ್ಲವೆಂದು ನನಗೂ ಗೊತ್ತು. ಹಾಗಾಗಿ ಒಂದು ಸಣ್ಣ ಉಪಕಾರ ಕೇಳುತ್ತೇನೆ. ಗುತ್ತಿಗೆದಾರರಿಗೆ ಒಂದು ಫೋನ್ ಮಾಡಿ. ನಮ್ಮ ಗೇಟಿನ ಎದುರು ಕಾಂಕ್ರೀಟಿನ ಕೆಳಗೆ, ಈ ಬದಿಯಿಂದ ಆ ಬದಿಯವರೆಗೆ ಒಂದು ಖಾಲಿ ಪೈಪು ಹೂತಿಡಲು ಹೇಳಿ. ಪೈಪು ನಾನೇ ತಂದು ಗೇಟಿಗೆ ಒರಗಿಸಿದ್ದೇನೆ, ಎರಡೂ ಬಾಯಿಗೆ ಬಟ್ಟೆ ತುರುಕಿದ್ದೇನೆ. ಫೈಲು ನಿಧಾನವಾಗಿ ಬರಲಿ, ದಾರಿಯಂತೂ ಇರುತ್ತದೆ.

ಇಂತಿ,
ತಮ್ಮ ದಾಖಲೆಯಲ್ಲಿ ಮಾತ್ರ ನೀರುಂಡವನು,
ಪ್ರಭುದಾಸ
ನೌಬಾದ, ಬೀದರ