ಕಂದು ಕಳ್ಳರಿಗೆ ಬಣ್ಣ ಬಂದ ಬೆಳಿಗ್ಗೆ

ಗದಗ
ಫೆಬ್ರವರಿ 30, 2291

ಎರಡೂವರೆ ಶತಮಾನದ ಹಿಂದಿನ ಹಿರಿಯರೇ,

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ಮೂವತ್ತು ದಿನ ಕೊಟ್ಟು ನಮ್ಮಲ್ಲಿ ಬಹಳ ಕಾಲವಾಯಿತು. ಹನ್ನೆರಡು ತಿಂಗಳಲ್ಲಿ ಅದೊಂದೇ ಬಡಪಾಯಿ ಎಂದು ಯಾರಿಗೋ ಅನಿಸಿತಂತೆ. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ನುಸುಳಿದರೆ ಹೊಟ್ಟೆಗೆ ಹಾಕಿಕೊಳ್ಳಿ, ಬಂದಲ್ಲೇ ಅರ್ಥ ಹೇಳುತ್ತೇನೆ. ಈ ಪತ್ರ ನಿಮಗೆ ಹೇಗೆ ತಲುಪುತ್ತದೆ ಎಂದು ಮಾತ್ರ ಕೇಳಬೇಡಿ. ತಲುಪುತ್ತದೆ ಎಂದು ಅಂಚೆಯವರು ಹೇಳಿದ್ದಾರೆ, ನಾನು ನಂಬಿದ್ದೇನೆ.

ನನ್ನ ಹೆಸರು ನೀಲಗಂಗಾ. ನಮ್ಮ ನೆರಳೋಣಿಯ ಹಕ್ಕಿಗಾವಲು ನನ್ನದು. ಬಿಸಿಲಿಗೆ ಹೆದರಿ ನಾವು ಓಣಿಗಳನ್ನೇ ಬಳ್ಳಿಯ ಚಪ್ಪರದಡಿ ಕಟ್ಟಿಕೊಂಡಿದ್ದೇವೆ, ಅದಕ್ಕೇ ಆ ಹೆಸರು. ಹದಿನಾಲ್ಕು ಮನೆಗೆ ಒಂದೇ ಹಿತ್ತಲು. ಬೆಳಿಗ್ಗೆ ಆರಕ್ಕೆ ಚಪ್ಪರದ ಕಿಂಡಿಗಳನ್ನು ತೆರೆದು ಹತ್ತಕ್ಕೆ ಮುಚ್ಚುತ್ತೇವೆ. ರೊಟ್ಟಿ ಬಡಿಯುವುದು, ಬಟ್ಟೆ ಒಣಗಿಸುವುದು, ಜಗಳವಾಡುವುದು ಎಲ್ಲವೂ ಆ ನಾಲ್ಕು ತಾಸಿನಲ್ಲೇ ಮುಗಿಯಬೇಕು. ಹಿತ್ತಲಿನ ನಡುವೆ ನನ್ನ ಅವ್ವ ನೆಟ್ಟ ಗಸಗಸೆ ಹಣ್ಣಿನ ಮರವಿದೆ. ಅದು ಬಿಡುಮರ, ಎಂದರೆ ಅದರ ಹಣ್ಣನ್ನು ಮನುಷ್ಯರು ಮುಟ್ಟುವಂತಿಲ್ಲ. ಬಾಯಿಗಿಟ್ಟರೆ ಸಕ್ಕರೆಯಂತೆ, ನಾನು ಬರೀ ಕೇಳಿ ಬಲ್ಲೆ.

ಆ ಕೆಂಪು ಹಣ್ಣು ಚಳಿಗಾಲದ ಅತಿಥಿಗೆ ಮೀಸಲು. ಅತಿಥಿಯೆಂದರೆ ಗುಲಾಬಿ ಕಬ್ಬಕ್ಕಿ: ಕರಿ ತಲೆ, ಕರಿ ರೆಕ್ಕೆ, ನಡುವೆ ಗುಲಾಬಿ ಮೈ. ಉತ್ತರದ ದೂರದ ಬಯಲುಗಳಿಂದ ಬರುತ್ತದೆ, ಆದರೆ ಅದರ ಬರವಿಗೆ ಲೆಕ್ಕಾಚಾರವಿಲ್ಲ. ಒಂದು ವರ್ಷ ಹಿಂಡುಗಟ್ಟಿ ಬಂದು ಗಲಾಟೆ ಎಬ್ಬಿಸುತ್ತದೆ, ಮರುವರ್ಷ ಪತ್ತೆಯೇ ಇರುವುದಿಲ್ಲ. ನಮ್ಮ ಓಣಿಯ ಕಟ್ಟಳೆಯ ಪ್ರಕಾರ ಹನ್ನೆರಡು ಚಳಿಗಾಲ ಅತಿಥಿ ಕಾಣದಿದ್ದರೆ ಬಿಡುಮರವನ್ನು ಕಡಿದು ಜಾಗ ಬಿಟ್ಟುಕೊಡಬೇಕು. ನಾನು ಕಾವಲಿಗೆ ಕೂತ ಮೇಲೆ ಹನ್ನೊಂದು ಚಳಿಗಾಲ ಖಾಲಿ ಹೋದವು. ಇದು ಹನ್ನೆರಡನೆಯದು, ಇವತ್ತು ಅದರ ಕೊನೆಯ ದಿನ.

ಜಾಗ ಬೇಕಾಗಿದ್ದುದು ಪಕ್ಕದ ಮನೆಯ ಫಕ್ಕೀರಪ್ಪ ಕಾಕಾಗೆ, ಓಣಿಯ ಮಳೆನೀರಿನ ತೊಟ್ಟಿ ಕಟ್ಟಿಸಲು. ಕೆಟ್ಟ ಮನುಷ್ಯನಲ್ಲ. "ಬರದ ಅತಿಥಿಗೆ ಎಷ್ಟು ವರ್ಷ ಎಲಿ ಹಾಕ್ಕೊಂಡು ಕೂಡ್ತೀ, ನೀಲಾ?" ಎನ್ನುತ್ತಿದ್ದ. ಅವ್ವನ ಮರಕ್ಕೆ ಕೊಡಲಿ ಬೀಳುವುದನ್ನು ನೆನೆದರೆ ಊಟ ಸೇರುತ್ತಿರಲಿಲ್ಲ.

ಆ ಸಿಟ್ಟನ್ನೆಲ್ಲ ನಾನು ಕಳ್ಳರ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಬಹಳಷ್ಟು ಚಳಿಗಾಲಗಳಲ್ಲಿ ಮಣ್ಣುಬಣ್ಣದ, ಹಳದಿ ಕೊಕ್ಕಿನ ಮಂಕು ಹಕ್ಕಿಗಳು ಐವತ್ತು ಅರವತ್ತು ಸೇರಿ ಬಂದು ಅತಿಥಿಯ ಹಣ್ಣಿಗೆ ಬಾಯಿ ಹಾಕುತ್ತಿದ್ದವು. ಊಟದ ತಾಟಿಗೆ ಸೌಟಿನಿಂದ ಬಡಿದು ಓಡಿಸುತ್ತಿದ್ದೆ. ಅಷ್ಟು ನಿಷ್ಠೆಯಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿದವಳಲ್ಲ.

ಎಂಟು ದಿನದ ಹಿಂದೆ ಕಾಕಾ ಟೇಪು ಹಿಡಿದು ಬುಡ ಅಳೆಯಲು ಬಂದ. ಅಳೆಯುತ್ತಾ ಒಮ್ಮೆ ತಲೆಯೆತ್ತಿದವನು ಹಾಗೇ ನಿಂತುಬಿಟ್ಟ. ಆಮೇಲೆ ಸಣ್ಣ ದನಿಯಲ್ಲಿ ಕರೆದ: "ನೀಲಾ, ಇಲ್ಲಿ ಬಾ. ಆ ತಾಟು ಅಲ್ಲೇ ಇಟ್ಟು ಬಾ. ನಿನ್ನ ಕಳ್ಳಗ ಬಣ್ಣ ಹತ್ತೇತಿ ನೋಡು."

ನೋಡಿದೆ. ಕಂದು ಹಕ್ಕಿಯೊಂದರ ತಲೆಯಲ್ಲಿ ಕರಿ ಗರಿ ಮೂಡಿತ್ತು, ಹೊಟ್ಟೆಯ ಮೇಲೆ ಬೆರಳಗಲ ಗುಲಾಬಿ. ಪಕ್ಕದ್ದಕ್ಕೂ ಅಷ್ಟಿಷ್ಟು. ಅವು ಕಬ್ಬಕ್ಕಿಯ ಮರಿಗಳು. ಮೊದಲ ಚಳಿಗಾಲವನ್ನು ಮಣ್ಣುಬಣ್ಣದಲ್ಲೇ ಶುರುಮಾಡಿ ಮೆಲ್ಲಗೆ ಬಣ್ಣ ತಾಳುವವು. ನಾನು ಅತಿಥಿಯ ಮಕ್ಕಳನ್ನು ಓಡಿಸಿ ಅತಿಥಿಗೆ ಕಾಯುತ್ತಿದ್ದೆ. ನಗು ಬಂತು, ಅಳು ಬಂತು, ಯಾವುದು ಮೊದಲು ಬಂತೋ ತಿಳಿಯಲಿಲ್ಲ. ಹದಿನಾಲ್ಕು ಮನೆಯವರೂ ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ಬಂದು ನೋಡಿದರು. ಕಾಕಾ ಟೇಪು ಸುತ್ತಿಕೊಂಡು, ತೊಟ್ಟಿ ತನ್ನ ಅಡುಗೆಮನೆಯ ಹಿಂದೆಯೇ ಆಗಲಿ ಎಂದ. ಈಗ ದಿನವೂ ಮರದಡಿ ಕುರ್ಚಿ ಹಾಕಿಕೊಂಡು ಕೂತು, ಯಾರು ಕೆಮ್ಮಿದರೂ ಗದರುತ್ತಾನೆ. ನಾನು ಊಟಕ್ಕೆ ಕೂತರೆ ಸಾಕು, "ತಾಟು ಮೆಲ್ಲಗ ಇಡವಾ, ಬೀಗರು ಎದ್ದು ಹೋಗ್ಯಾರು" ಎಂದು ಓಣಿಯೆಲ್ಲ ಕಾಡಿಸುತ್ತದೆ. ಕಾಡಿಸಲಿ, ಹಿಂದೆಂದೂ ನಾನು ಇಷ್ಟು ಸುಖವಾಗಿ ಉಂಡಿಲ್ಲ.

ತಪ್ಪಿನಲ್ಲಿ ನಿಮ್ಮ ಪಾಲೂ ಇದೆ. ನೀವು ತೆಗೆದ ಈ ಹಕ್ಕಿಯ ಚಿತ್ರಗಳಲ್ಲಿ ನಮಗೆ ಉಳಿದು ಬಂದವು ಒಂಬತ್ತು, ಒಂಬತ್ತರಲ್ಲೂ ಹಕ್ಕಿ ಮದುಮಗನ ಹಾಗೆ ಸಿಂಗರಿಸಿಕೊಂಡಿದೆ. ಆದ್ದರಿಂದ ಒಂದು ಬಿನ್ನಹ. ಚೆಂದದ್ದನ್ನು ತೆಗೆಯಿರಿ, ಬೇಡವೆನ್ನುವುದಿಲ್ಲ. ಪಕ್ಕದ ಕೊಂಬೆಯಲ್ಲಿ ಮಂಕಾಗಿ ಕೂತ ಮರಿಯನ್ನೂ ಒಂದು ತೆಗೆದು, ಅದು ಯಾರ ಮಗುವೆಂದು ಕೆಳಗೆ ಬರೆದಿಡಿ. ಆ ಚಿತ್ರ ನಮ್ಮ ಕೈ ಸೇರಿದರೆ ನಾನು ಇಷ್ಟು ವರ್ಷ ತಾಟು ಬಡಿಯುವುದು ತಪ್ಪುತ್ತದೆ. ಆದರೆ ಆಗ ಎಂಟು ದಿನದ ಹಿಂದಿನ ಆ ಬೆಳಿಗ್ಗೆಯೂ ನನ್ನ ಪಾಲಿಗೆ ಇರುವುದಿಲ್ಲ. ಅಂಥ ಸಂತೋಷ ಮತ್ತೆಲ್ಲಿ ಸಿಕ್ಕೀತು ಎಂದು ಎರಡು ದಿನ ಯೋಚಿಸಿದೆ. ಪತ್ರವನ್ನು ಹರಿದುಹಾಕಲೂ ಹೊರಟಿದ್ದೆ. ಆಮೇಲೆ ಅಷ್ಟು ದೂರದಿಂದ ಬಂದ ಮರಿಗಳು ನನ್ನ ಸದ್ದಿಗೆ ಬೆದರಿ, ಕಚ್ಚಿದ ಹಣ್ಣನ್ನು ಅಲ್ಲೇ ಬಿಟ್ಟು ಏಳುತ್ತಿದ್ದುದು ಕಣ್ಣಿಗೆ ಕಟ್ಟಿತು.

ತೆಗೆಯಿರಿ.

ನಿಮ್ಮ,
ನೀಲಗಂಗಾ