ಹೆಸರು ಕೊಟ್ಟ ಗುರುವಾರ

ದೋಹಾ ಅಲ್ ಜದೀದಾ
ನವೆಂಬರ್ 7, 1997, ಶುಕ್ರವಾರ ಸಂಜೆ

ಪ್ರಿಯ ಐರಿನ್,

ಮಗಳ ಶಾಲೆಯ ವಿಷಯವೋ ನಿನ್ನ ಅಮ್ಮನ ಕಣ್ಣಿನ ವಿಷಯವೋ ಇಲ್ಲದ ಕಾಗದವನ್ನು ನಾನು ನಿನಗೆ ಬರೆದು ನಾಲ್ಕು ವರ್ಷವಾಯಿತು. ಇದರಲ್ಲಿ ಅವೆರಡೂ ಇಲ್ಲ. ಆದ್ದರಿಂದ ಬೇರೆಯವರ ಮುಂದೆ ಓದಬೇಡ. ಗಾಬರಿಪಡುವಂಥದ್ದೂ ಏನಿಲ್ಲ. ಆರೋಗ್ಯವಾಗಿದ್ದೇನೆ, ಕೆಲಸ ಇದೆ.

ಇವತ್ತು ಆಲ್ಬರ್ಟನ ಮನೆಯ ಆರಾಧನೆಯಲ್ಲಿ ನಾನು ಒಳಗೆ ಕೂತೆ. ಇಷ್ಟು ಓದಿದ ಕೂಡಲೇ ನೀನು ಕಾಗದವನ್ನು ಮಡಿಲಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚುತ್ತೀ ಎಂದು ನನಗೆ ಗೊತ್ತು. ಇಷ್ಟು ಬೇಗ ಸ್ತೋತ್ರ ಹೇಳಬೇಡ, ಮುಂದೆ ಓದು.

ಆ ಹಾಲ್ ನೀನು ಬಿಟ್ಟು ಹೋದ ಹಾಗೆಯೇ ಇದೆ. ಕಿಟಕಿ ಮುಚ್ಚಿ, ಏಸಿ ಹಾಕಿ, ಅದರ ಸದ್ದಿಗಿಂತ ಕೆಳಗೆ ಹಾಡುವುದು. ಇಲ್ಲಿ ದೇವಾಲಯ ಕಟ್ಟಲು ಅನುಮತಿಯಿಲ್ಲದ್ದರಿಂದ ಆಲ್ಬರ್ಟನ ಹಾಲೇ ದೇವಾಲಯ, ಶುಕ್ರವಾರವೇ ನಮ್ಮ ಭಾನುವಾರ. ಈವರೆಗೆ ಯಾರೂ ಬಂದು ಏನೂ ಕೇಳಿದ್ದಿಲ್ಲ. ಆದರೂ ಒಬ್ಬರು ಹೊರಬಾಗಿಲ ಹತ್ತಿರ ಕುರ್ಚಿ ಹಾಕಿ ಕೂತಿರಬೇಕು, ಗಂಟೆ ಒತ್ತಿದವರಿಗೆ ಉತ್ತರ ಹೇಳಬೇಕು ಎಂದು ಮೊದಲ ವರ್ಷವೇ ಮಾಡಿಕೊಂಡ ಏರ್ಪಾಡು. ಆ ಕುರ್ಚಿ ನನ್ನದಾಯಿತು. ಅಲ್ಲಿ ಪೇಪರ್ ಓದಬಹುದಿತ್ತು, ಮೊಣಕಾಲೂರಬೇಕಾಗಿರಲಿಲ್ಲ. ಹುಡುಗನಾಗಿದ್ದಾಗ ದೃಢೀಕರಣವಾದ ವರ್ಷವನ್ನು ಬಿಟ್ಟರೆ ನಾನು ಪ್ರಭುಭೋಜನದ ರೊಟ್ಟಿ, ರಸಕ್ಕೆಂದು ಕರ್ತನ ಮೇಜಿನ ಹತ್ತಿರ ಹೋದವನಲ್ಲ ಎಂಬುದು ನಿನಗೆ ಮದುವೆಗೆ ಮುಂಚೆಯೇ ತಿಳಿದಿತ್ತು. ಪ್ರಾರ್ಥನೆಯಿಂದ ಇದು ಸರಿಹೋಗುತ್ತದೆ ಎಂದು ನಂಬಿ ನನ್ನನ್ನು ಮದುವೆಯಾದೆ.

ಆ ಹಾಲ್ ನಿನಗೆ ಸಾಕಾಗಲಿಲ್ಲ. ಬಾಯಿ ತುಂಬ ಹಾಡಬೇಕು, ಇಲ್ಲಿ ಪಿಸುಗುಟ್ಟಿ ಪಿಸುಗುಟ್ಟಿ ನನ್ನ ದೇವರೇ ಸಣ್ಣವನಾಗುತ್ತಿದ್ದಾನೆ, ನಾವು ಊರಿಗೆ ಹೋಗುವ ಎಂದು ನೀನು ಹೇಳಿದೆ. ಗಂಡನಿಗಿಂತ ದೇವರೇ ಹತ್ತಿರದವನಾದರೆ ಒಬ್ಬಳೇ ಹೋಗು ಎಂದೆ ನಾನು. ನೀವು ಬಾಗಿಲ ಹತ್ತಿರವೇ ಇರಿ, ನಿಮಗೆ ಅದೇ ಸರಿ ಎಂದು ಸೂಟ್‌ಕೇಸಿನ ಮೇಲೆ ಕೂತು ಬೀಗ ಹಾಕಿದೆ ನೀನು. ನೀನು ಬಿಟ್ಟು ಹೋದೆ ಎಂದು ನಾನು ಇಲ್ಲಿ ಹೇಳಿಕೊಂಡು ಬಂದೆ. ನಾನು ಬರಲಿಲ್ಲ ಎಂದು ನೀನು ಅಲ್ಲಿ ಹೇಳಿಕೊಂಡಿರಬಹುದು. ಎರಡೂ ನಿಜ. ಹಾಗಾಗಿ ಅದನ್ನು ಸರಿಮಾಡುವುದು ಇಬ್ಬರಿಗೂ ಆಗಲಿಲ್ಲ.

ಮುಂದಿನದು ಯಾವಾಗ ಶುರುವಾಯಿತು ಎಂದು ನನಗೆ ಸರಿಯಾಗಿ ತಿಳಿಯದು. ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕೂತು ಖುಬ್ಬೂಸ್ ಮುರಿಯುತ್ತಿದ್ದೆ. ಆಲ್ಬರ್ಟನ ಮನೆಯಲ್ಲಿ ಪ್ರಭುಭೋಜನಕ್ಕೂ ಇದೇ ಖುಬ್ಬೂಸ್, ಇದೇ ಇರಾನಿ ಬೇಕರಿಯದ್ದು. ಕೈ ನಿಂತಿತು. ಅರ್ಧ ಮುರಿದ ರೊಟ್ಟಿಯನ್ನು ಹಿಡಿದುಕೊಂಡು ಎಷ್ಟೋ ಹೊತ್ತು ಕೂತಿದ್ದೆ. ಹಸಿವಾಗುತ್ತಿತ್ತು. ಅದು ಊಟದ ಹಸಿವಲ್ಲ ಎಂದು ಬರೆದರೆ, ಇಂಥ ಮಾತು ಕಂಡರೆ ಪುಸ್ತಕ ಮುಚ್ಚಿಡುತ್ತಿದ್ದ ಮನುಷ್ಯನೇ ಇದನ್ನು ಬರೆದದ್ದು ಎಂದು ನೀನು ನಗಬಹುದು. ನಗು. ದರ್ಶನವಾಗಲಿಲ್ಲ, ಧ್ವನಿ ಕೇಳಲಿಲ್ಲ, ಕಣ್ಣೀರೂ ಬರಲಿಲ್ಲ. ಆಮೇಲಿನ ಶುಕ್ರವಾರಗಳಲ್ಲಿ ಪೇಪರ್ ಕೈಯಲ್ಲಿರುತ್ತಿತ್ತು, ಕಿವಿ ಮಾತ್ರ ಒಳಗೆ. ನೀನು ಹದಿನೈದು ವರ್ಷ ಬೇಡಿದ್ದು, ನೀನು ಆ ಕೋಣೆಯಲ್ಲಿ ಇಲ್ಲದಾಗ ಬಂತು. ಇದನ್ನು ಯಾರ ಹತ್ತಿರ ದೂರು ಹೇಳುವುದು?

ಪಾದ್ರಿ ಅಯ್ಯನವರು ಬಂದು ವಾರವಾಯಿತು. ವರ್ಷಕ್ಕೊಮ್ಮೆ ಯಾರಾದರೂ ಅಯ್ಯನವರು ಊರಿನಿಂದ ಬಂದಾಗ ಮಾತ್ರ ಇಲ್ಲಿ ಪ್ರಭುಭೋಜನ, ನಿನಗೆ ಗೊತ್ತಲ್ಲ. ಈ ಸಲದವರು ನಿವೃತ್ತರು, ಎಪ್ಪತ್ತು ದಾಟಿದವರು. ಆಲ್ಬರ್ಟನ ಹೆಂಡತಿಯ ಚಿಕ್ಕಪ್ಪನೆಂದು ವಿಸಿಟ್ ವೀಸಾ. ನಿಜವಾಗಿಯೂ ಚಿಕ್ಕಪ್ಪನೇ, ಅದೊಂದು ಅನುಕೂಲ. ಇವರದು ಹಳೇ ಕ್ರಮ. ನಿನ್ನ ಅಪ್ಪ ಶನಿವಾರ ಸಂಜೆ ಅಂಗಿ ಬದಲಿಸಿ ಪಾದ್ರಿಮನೆಗೆ ಹೋಗಿ, ನಾಳೆ ಮೇಜಿಗೆ ಬರುತ್ತೇನೆ ಎಂದು ಹೆಸರು ಕೊಟ್ಟು ಬರುತ್ತಿದ್ದರಲ್ಲ, ಯಾರೊಂದಿಗಾದರೂ ಮನಸ್ತಾಪವಿದ್ದರೆ ಮೊದಲು ಅದನ್ನು ಸರಿಮಾಡಿ ಬನ್ನಿ ಎಂದು ಪಾದ್ರಿಗಳು ಅವರನ್ನು ವಾಪಸು ಕಳಿಸುತ್ತಿದ್ದರಲ್ಲ, ಅದು. ನಮ್ಮ ಸಭೆಗಳು ಬಿಟ್ಟುಬಿಟ್ಟಿದ್ದನ್ನು ಇವರು ಬಿಟ್ಟಿಲ್ಲ. ಇಲ್ಲಿ ಶುಕ್ರವಾರದ ಮೊದಲು ಗುರುವಾರ, ಅಷ್ಟೇ ವ್ಯತ್ಯಾಸ.

ನಿನ್ನೆ ನಾನೂ ಹೋಗಿ ಹೆಸರು ಕೊಟ್ಟೆ. ಜಯಕರ ಎಂದೆ. ಆಲ್ಬರ್ಟ್ ಚಹಾ ತರುತ್ತಿದ್ದವನು ಟ್ರೇ ಹಿಡಿದುಕೊಂಡು ಅಲ್ಲೇ ನಿಂತ. ಅಯ್ಯನವರು ಕನ್ನಡಕ ಒರೆಸಿ, ನಿಮ್ಮ ಮನೆಯವರೊಂದಿಗೆ ಸಮಾಧಾನ ಉಂಟೋ ಎಂದು ಕೇಳಿದರು. ಅವಳು ಊರಲ್ಲಿದ್ದಾಳೆ ಎಂದೆ. ಅದು ಉತ್ತರವಲ್ಲ ಎಂದು ಅವರು ಹೇಳಲಿಲ್ಲ. ನಾನು ತಡೆಯುವವನಲ್ಲ, ಮೇಜು ನನ್ನದೂ ಅಲ್ಲ, ನೀವೇ ನೋಡಿಕೊಳ್ಳಿ ಎಂದು ಚಹಾ ಕುಡಿದರು. ಮೆಟ್ಟಿಲಿನ ತನಕ ಬಂದ ಆಲ್ಬರ್ಟ್, ಒಂದು ಫೋನ್ ಹಾಕಿ ಮಾರಾಯ್ರೆ, ಸಾರಿ ಅಂತ ಹೇಳಿ, ಖಲಾಸ್ ಎಂದ. ಫೋನ್ ಹಾಕಲಿಲ್ಲ. ಲೈನ್ ಸಿಗಲಿಲ್ಲ ಎಂದು ಇವತ್ತು ಅವನಿಗೆ ಹೇಳಿದೆ.

ಬೆಳಿಗ್ಗೆ ಹೋದಾಗ ಬಾಗಿಲ ಕುರ್ಚಿಯಲ್ಲಿ ಮೂಸಬ್ಬ ಕೂತಿದ್ದರು. ಕೆಳಗಿನ ಅಂಗಡಿಯ ಉಪ್ಪಿನಂಗಡಿಯವರು, ನಿನಗೆ ಕುಚ್ಚಲಕ್ಕಿ ಎತ್ತಿಡುತ್ತಿದ್ದವರು. ನಾನು ಒಳಗೆ ಕೂರುವ ಸುದ್ದಿಯನ್ನು ಆಲ್ಬರ್ಟ್ ಅವರಿಗೂ ಮುಟ್ಟಿಸಿದ್ದ. ಇಷ್ಟು ವರ್ಷ ಇಲ್ಲಿ ಕೂತು ಆ ಪೇಪರಲ್ಲಿ ಏನು ಓದಿದ್ರಿ ಸಾರ್, ಒಳಗೆ ಹೋಗಿ, ನನ್ನ ಜುಮಾ ನಮಾಜಿಗೆ ಇನ್ನೂ ಟೈಮುಂಟು ಎಂದರು. ಯಾರಾದರೂ ಬಂದರೆ ಏನು ಹೇಳುತ್ತೀರಿ ಎಂದು ಕೇಳಿದೆ. ಹುಡುಗಿ ನೋಡುವ ಕಾರ್ಯಕ್ರಮ, ಹುಡುಗ ಸ್ವಲ್ಪ ಮುದುಕ ಅಂತ ಹೇಳ್ತೇನೆ ಎಂದರು. ನಗುತ್ತಲೇ ಒಳಗೆ ಹೋದೆ. ಪ್ರಾರ್ಥನೆಗೆ ಹೋಗುವ ಕ್ರಮ ಅದಲ್ಲ, ಆದರೆ ನಗದಿದ್ದರೆ ಹೋಗುತ್ತಿದ್ದೆನೋ ಇಲ್ಲವೋ.

ಊಟದ ಮೇಜಿನ ಪ್ಲಾಸ್ಟಿಕ್ ತೆಗೆದು ಬಿಳಿ ಬಟ್ಟೆ ಹಾಸಿದ್ದರು. ಸ್ಟೀಲ್ ತಟ್ಟೆಯಲ್ಲಿ ಖುಬ್ಬೂಸ್, ಲೋಟದಲ್ಲಿ ಒಣದ್ರಾಕ್ಷಿ ನೆನೆಸಿ ಹಿಂಡಿದ ರಸ. ಮೊಣಕಾಲೂರಿದೆ. ಈ ವಯಸ್ಸಿನಲ್ಲಿ ಅದು ಸುಲಭವಲ್ಲ, ಕಟಕಟ ಸದ್ದು ಎಲ್ಲರಿಗೂ ಕೇಳಿಸಿತು. ಅವರು ಹಾಡಿದರು. ಐರಿನ್, ಬಾಗಿಲಾಚೆಯಿಂದ ಅದು ಪಿಸುಮಾತಿನ ಹಾಗೆ ಕೇಳುತ್ತಿತ್ತು, ಒಳಗೆ ಕೂತರೆ ಹಾಗಲ್ಲ. ಪಕ್ಕದವರ ಉಸಿರು ಎಲ್ಲಿ ನಿಲ್ಲುತ್ತದೆ, ನಮ್ಮದು ಎಲ್ಲಿಂದ ಹಿಡಿಯಬೇಕು ಎಂದು ತಿಳಿಯುವಷ್ಟು ಹತ್ತಿರ. ಆ ಸ್ವಲ್ಪ ಹೊತ್ತು ನನಗೆ ಏನೂ ಕಡಿಮೆ ಇರಲಿಲ್ಲ. ಇದಕ್ಕಿಂತ ಬೇರೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ನಿನಗೆ ಇದು ಇಲ್ಲಿ ಸಿಗಲಿಲ್ಲವೋ, ಸಿಕ್ಕಿಯೂ ಸಾಲಲಿಲ್ಲವೋ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ತಟ್ಟೆ ನನ್ನ ಕೈಗೆ ಬಂತು. ಒಂದು ತುಂಡಿನ ಮೇಲೆ ಬೆರಳು ಇಟ್ಟಿದ್ದೆ ಕೂಡ. ಆಮೇಲೆ ಅದನ್ನು ಆಲ್ಬರ್ಟನಿಗೆ ದಾಟಿಸಿದೆ. ಲೋಟವನ್ನೂ ದಾಟಿಸಿದೆ. ಅಯ್ಯನವರು ನೋಡಿದರು. ಹೊರಡುವಾಗ, ಬರುವ ಶುಕ್ರವಾರ ಇನ್ನೊಮ್ಮೆ ಭೋಜನ ಇಡುತ್ತೇನೆ, ಶನಿವಾರ ನನ್ನ ಫ್ಲೈಟ್ ಎಂದರು. ಅವರ ವಯಸ್ಸಿಗೆ ಮತ್ತೆ ಬರುವುದು ಕಷ್ಟ. ನನ್ನ ಕಂಪನಿಯೂ ಡ್ರಾಯಿಂಗ್ ಕೆಲಸಕ್ಕೆಲ್ಲ ಕಂಪ್ಯೂಟರ್ ತರುತ್ತಿದೆ, ಮುಂದಿನ ವರ್ಷ ನಾನು ಎಲ್ಲಿರುತ್ತೇನೋ.

ನಿನ್ನಿಂದ ಏನನ್ನೂ ಕೇಳಲು ಇದನ್ನು ಬರೆಯಲಿಲ್ಲ. ಆ ದಿನ ಆಡಿದ ಮಾತು ಆಡಬಾರದಿತ್ತು. ನಿನ್ನ ಮಾತನ್ನೂ ನಾನು ಮರೆತಿಲ್ಲ, ಮರೆತೆನೆಂದು ಬರೆದರೆ ಸುಳ್ಳಾಗುತ್ತದೆ. ಆದರೆ ಈಗ ಅದು ನೆನಪಾದಾಗ ಸಿಟ್ಟು ಬರುವುದಿಲ್ಲ. ಮಗಳಿಗೆ ಇದನ್ನೆಲ್ಲ ಹೇಳಬೇಕೋ ಬೇಡವೋ ನೀನೇ ನೋಡು.

ಇಂತು, ನಿನ್ನಿಂದ ದೂರವಿರುವ
ಜಯಕರ

ಮರೆತಿದ್ದು: ಮೂಸಬ್ಬ ನಾಳೆ ಊರಿಗೆ ಹೊರಟಿದ್ದಾರೆ. ಅಕ್ಕನಿಗೆ ಕಾಗದ ಇದ್ದರೆ ಕೊಡಿ, ನಾಡಿದ್ದು ಅವರ ಕೈಯಲ್ಲೇ ಇಡ್ತೇನೆ ಎಂದು ಈಗಷ್ಟೇ ಬಂದು ಕೇಳಿದರು. ಇನ್ನೂ ಬರೆದಾಗಿಲ್ಲ ಎಂದೆ. ಬರೆದಾಗಿತ್ತು, ಸಹಿಯೂ ಹಾಕಿಯಾಗಿತ್ತು. ನಾಡಿದ್ದು ನಿನ್ನ ಕೈ ಸೇರಿದರೆ ನೀನು ಅದೇ ದಿನ ಫೋನ್ ಮಾಡುತ್ತೀ. ಎಲ್ಲ ಕ್ಷಮಿಸಿದೆ, ಶುಕ್ರವಾರ ತಪ್ಪದೆ ತೆಗೆದುಕೊಳ್ಳಿ ಎನ್ನುತ್ತೀ. ಆ ತುಂಡು ರೊಟ್ಟಿ ನನಗೆ ಸಿಗಲಿ ಎಂದು ಹಾಗೆ ಹೇಳುತ್ತೀ. ಇದನ್ನು ಅಂಚೆಗೆ ಹಾಕುತ್ತೇನೆ. ಹನ್ನೆರಡು ದಿನವಾದರೂ ಹಿಡಿಯುತ್ತದೆ. ನೀನು ಓದುವ ಹೊತ್ತಿಗೆ ಅಯ್ಯನವರು ಹೋಗಿರುತ್ತಾರೆ, ಮೇಜಿನ ಮೇಲೆ ಏನೂ ಇರುವುದಿಲ್ಲ. ಆಮೇಲೆ ನಿನಗೆ ಏನು ಅನ್ನಿಸುತ್ತದೋ ಅದನ್ನು ಬರೆ.