ಅಪ್ಪನ ಸೊಂಟ, ಡಿಪೋದ ಸೀಟು

ಮನೆ, ಅಡುಗೆಕೋಣೆಯ ಮೇಜು
ತಾ. ಹದಿನೇಳು, ಬುಧವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ (ಪ್ರೀತಿಯೂ ಇದೆ, ಸಿಟ್ಟೂ ಇದೆ, ಯಾವುದು ಹೆಚ್ಚೆಂದು ಓದಿ ಮುಗಿಸಿದ ಮೇಲೆ ನೀನೇ ತೂಗಿ ನೋಡು),

ಹೇಗಿದ್ದೀಯ? ದೊಡ್ಡಮ್ಮ ಕೋಲು ಬಿಟ್ಟು ನಡೆಯುತ್ತಿದ್ದಾಳಾ? ಬೆನ್ನಿನ ಆಪರೇಷನ್ ಆಗಿ ಎರಡು ತಿಂಗಳಾಯಿತು, ಇನ್ನು ತಂಗಿಯ ಕೈಯಲ್ಲಿ ಸೇವೆ ಮಾಡಿಸಿಕೊಳ್ಳುವುದು ಸಾಕು ಅಂತ ನಾನು ಹೇಳಿದೆ ಅನ್ನು. ಆಸ್ಪತ್ರೆಯ ಕುರ್ಚಿಯಲ್ಲಿ ಮಲಗಿ ನಿನ್ನ ಕತ್ತು ಹಿಡಿದುಕೊಂಡಿತ್ತಲ್ಲ, ಬಿಟ್ಟಿತಾ? ನಾನು ಚೆನ್ನಾಗಿದ್ದೇನೆ. ಅನ್ನ ಸೀಯುವುದು ವಾರಕ್ಕೆ ಎರಡು ಸಲಕ್ಕೆ ಇಳಿದಿದೆ. ಫೋನ್ ಇರುವಾಗ ಪತ್ರ ಯಾಕೆ ಅಂತ ಕೇಳಬೇಡ. ಫೋನಿನಲ್ಲಿ ನಾನು ಗಂಭೀರವಾಗಿ ಮಾತಾಡುವಾಗ ನೀನು ನಡುವೆ ನಗುತ್ತೀ. ಕಾಗದದ ಮೇಲೆ ನನ್ನನ್ನು ಯಾರೂ ತಡೆಯಲಾರರು.

ವಿಷಯಕ್ಕೆ ಬರುತ್ತೇನೆ. ಅಪ್ಪನೂ ನೀನೂ ಸೇರಿಕೊಂಡು ನನಗೆ ಗೊತ್ತಾಗದ ಹಾಗೆ ನಡೆಸಿದ್ದೆಲ್ಲ ಗೊತ್ತಾಯಿತು. ಆದರೆ ನನ್ನ ಕಡೆಯ ಕಥೆ ನಿನಗೆ ಅರ್ಧವೇ ಗೊತ್ತಿರುವುದು, ಪೂರ್ತಿ ಕೇಳು. ಅಪ್ಪ ಓಡಿಸುವ ಬಸ್ಸಿನ ಡ್ರೈವರ್ ಸೀಟು ಎಡಕ್ಕೆ ಕುಸಿದು, ಸ್ಪ್ರಿಂಗು ಮೇಲೆದ್ದು, ಅದರ ಮೇಲೆ ಗೋಣಿಚೀಲ, ಗೋಣಿಯ ಮೇಲೆ ನಮ್ಮ ಮನೆಯ ಹಳೆ ದಿಂಬು. ಹನ್ನೊಂದು ವರ್ಷ ಅದರ ಮೇಲೆ ಕೂತು ಕ್ಲಚ್ಚು ತುಳಿದದ್ದಕ್ಕೆ ಅವನು ಬಸ್ಸಿನಿಂದ ಏಣಿ ಇಳಿದ ಹಾಗೆ ಹಿಮ್ಮುಖವಾಗಿ ಇಳಿಯುತ್ತಿದ್ದ. ಮನೆಗೆ ಬಂದು ಶೂ ಬಿಚ್ಚುವುದಕ್ಕೆ ಕಾಲು ಗಂಟೆ. ನೀನು ಅತ್ತ ಹೋದ ವಾರವೇ ಮೂವತ್ತೊಂದು ಜನ ಡ್ರೈವರುಗಳ ಪರವಾಗಿ, ಎಲ್ಲರ ಬಸ್ಸಿಗೂ ಹೊಸ ಸೀಟು ಬೇಕೆಂದು ನಾನು ಡಿಪೋಗೆ ಮನವಿ ಬರೆದೆ. ಎಲ್ಲರ ರುಜುವಿಗೂ ಮೇಲೆ ಅಪ್ಪನದು. ಈ ಮನುಷ್ಯನ ಸೊಂಟವೇ ನಮ್ಮ ಸಾಕ್ಷಿ, ಪರೀಕ್ಷಿಸಿ ನೋಡಿ, ಆಮೇಲೆ ಸೀಟು ಬದಲಾಯಿಸುವುದಿಲ್ಲ ಅನ್ನಿ ಎಂದು ಸವಾಲು ಹಾಕಿದ್ದೆ. ಆ ವಾಕ್ಯ ಬರೆದ ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ಮನವಿಗೆ ಉತ್ತರ ಎಲ್ಲಿಗೆ ಬಂತು ಗೊತ್ತಾ? ನಾನು ಕೆಲಸ ಮಾಡುವ ಝೆರಾಕ್ಸ್ ಅಂಗಡಿಗೇ ಬಂತು. ಡಿಪೋದ ಗುಮಾಸ್ತ ಒಂದು ಹಾಳೆ ತಂದು ಇನ್ನೂರು ಪ್ರತಿ ಅಂದ. ಸೊಂಟನೋವೇ? ಹೊಟ್ಟೆ ಮತ್ತು ಸೊಂಟದ ಸ್ನಾಯುಗಳನ್ನು ಗಟ್ಟಿಮಾಡಿಕೊಳ್ಳಿ ಅಂತ ಮೇಲೆ ದಪ್ಪಕ್ಷರ, ಕೆಳಗೆ ನಾಲ್ಕು ಚಿತ್ರ. ಸೀಟಿನ ಬಗ್ಗೆ ಒಂದಕ್ಷರ ಇಲ್ಲ. ಜೊತೆಗೆ, ಆರು ವಾರದ ನಂತರ ಡಿಪೋದ ಡಾಕ್ಟರು ಅಪ್ಪನನ್ನು ಪರೀಕ್ಷಿಸುತ್ತಾರೆಂಬ ನೋಟೀಸು. ಇನ್ನೂರು ಪ್ರತಿಯನ್ನೂ ನಾನೇ ತೆಗೆದುಕೊಟ್ಟೆ, ಹಲ್ಲು ಕಚ್ಚಿಕೊಂಡು. ಸಂಜೆ ಅಪ್ಪನಿಗೆ ಹೇಳಿದೆ, ಇದನ್ನು ಮಾಡಿದರೆ ತಪ್ಪು ನಮ್ಮ ಸೊಂಟದ್ದೇ ಅಂತ ಒಪ್ಪಿದ ಹಾಗೆ, ಸೀಟು ಬರುವ ತನಕ ಒಂದು ಕಾಲೂ ಎತ್ತಬಾರದು ಅಂತ. ಅಪ್ಪ ಆಯ್ತು ಕಣೇ ಅಂದ. ಅವನ ಆಯ್ತು ಎಂಥದ್ದು ಅಂತ ಇಪ್ಪತ್ತೈದು ವರ್ಷದಿಂದ ನಿನಗೆ ಗೊತ್ತು, ನನಗೆ ಗೊತ್ತಾಗಲು ಒಂದು ತಿಂಗಳು ಬೇಕಾಯಿತು.

ಮೊದಲು ಅನುಮಾನ ಹುಟ್ಟಿಸಿದವನು ಸೀಟಿ ಕಂಡಕ್ಟರ್. ಅಪ್ಪನ ಬಸ್ಸಿನವನೇ, ಮಾತಿಗೆ ಮುಂಚೆ ಸೀಟಿ ಊದುತ್ತಾನಲ್ಲ, ಅವನು. ಅಂಗಡಿಯ ಮುಂದೆ ನಿಂತು, ಏನಮ್ಮಾ, ನಿಮ್ಮಪ್ಪ ಈಗ ಬಸ್ಸಿಂದ ಮದುಮಗನ ಥರ ಇಳೀತಾನೆ, ಏನು ತಿನ್ನಿಸ್ತಿದೀಯ ಅಂದ. ಸೀದ ಅನ್ನ ಅಂದೆ. ಮರುದಿನ ಹನ್ನೊಂದಕ್ಕೆ ಕರೆಂಟು ಹೋಗಿ ಅಂಗಡಿ ಮುಚ್ಚಿದೆವು, ಅಪ್ಪನಿಗೆ ರಜೆ. ಮನೆಗೆ ಬಂದು ನೋಡುತ್ತೇನೆ, ನಿನ್ನ ಕೋಣೆಯಲ್ಲಿ ಮಂಚಕ್ಕೂ ಬೀರುವಿಗೂ ನಡುವೆ ಅಪ್ಪ ಕೈ ಮಂಡಿ ಊರಿ ಮೇಜಿನಂತೆ ನಿಂತಿದ್ದಾನೆ. ಬಲಗೈ ಮುಂದಕ್ಕೆ ಚಾಚಿದೆ, ಎಡಗಾಲು ಹಿಂದಕ್ಕೆ. ಸೊಂಟದ ಮೇಲೆ ನೀರು ತುಂಬಿದ ಲೋಟ. ಎದುರಿಗೆ ಬೀರುವಿನ ಬಾಗಿಲಿಗೆ ಅಂಟಿಸಿದ ಕಾಗದ, ನೀನು ಅಂಚೆಯಲ್ಲಿ ಕಳಿಸಿದ್ದು, ಅದರಲ್ಲಿ ನೀನೇ ಬರೆದ ಚಿತ್ರಗಳು, ನಿನ್ನ ದುಂಡು ಅಕ್ಷರ. ನನ್ನ ಕಡೆ ತಿರುಗದೆ ಅಪ್ಪ ಹೇಳಿದ, "ಮಾತಾಡಿಸ್ಬೇಡ, ಇನ್ನೂ ನಾಲ್ಕು ಎಣಿಸ್ಬೇಕು."

ನಿಂತಲ್ಲೇ ಓದಿದೆ. ಅಂಗಾತ ಮಲಗಿ ಮಂಡಿ ಮಡಚಿ ಹೊಕ್ಕುಳನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಳ್ಳಿ, ಉಸಿರು ಮಾತ್ರ ಕಟ್ಟಬೇಡಿ, ದೊಡ್ಡಕ್ಕನಿಗೆ ವ್ಯಾಯಾಮ ಕಲಿಸುವ ಹುಡುಗಿ ಇದನ್ನೇ ದಿನಕ್ಕೆ ಹತ್ತು ಸಲ ಬೈದು ಹೇಳುತ್ತಾಳೆ. ಪಾದ ಊರಿ ಸೊಂಟ ಎತ್ತುವಾಗ ಬಿಲ್ಲಿನ ಹಾಗೆ ಬಗ್ಗಿಸಬೇಡಿ, ಹಲಗೆಯ ಹಾಗೆ ನೇರ ಇರಲಿ. ನೋವು ಕಾಲಿಗೆ ಇಳಿದರೆ ಅಲ್ಲಿಗೇ ಬಿಟ್ಟು ಡಾಕ್ಟರಿಗೆ ತೋರಿಸಿ. ಲೋಟ ಚೆಲ್ಲಿದರೆ ನೆಲ ನೀವೇ ಒರೆಸಿ. ಕೊನೆಗೆ, ಎರಡು ಗೆರೆ ಎಳೆದು: ಮಗಳಿಗೆ ಹೇಳಬೇಡಿ, ಭಾಷಣ ಮಾಡ್ತಾಳೆ.

ಮಾಡಿದೆ ಅಮ್ಮಾ, ಭಾಷಣವನ್ನೇ ಮಾಡಿದೆ. ಅಪ್ಪ ಅಂಗಾತ ಮಲಗಿ ಸೊಂಟ ಎತ್ತುತ್ತ ಇಳಿಸುತ್ತ ಪೂರ್ತಿ ಕೇಳಿದ. ಕೊನೆಗೆ ನಾನು ಒಂದೇ ಕೇಳಿಕೊಂಡೆ. ಪರೀಕ್ಷೆಗೆ ಇನ್ನು ಒಂಬತ್ತು ದಿನ, ಅಲ್ಲಿಯ ತನಕ ನಿಲ್ಲಿಸು, ನೀನು ಸರಿಹೋದರೆ ಮೂವತ್ತೊಂದು ಜನರ ಸೀಟು ಹೋಗುತ್ತದೆ. ಅಪ್ಪ ಎದ್ದು ಕೂತ. ಏಳುವಾಗ ಮಂಚದ ಕಾಲು ಹಿಡಿಯಲಿಲ್ಲ, ಅದನ್ನು ಗಮನಿಸಿದೆ. ಲೋಟದ ನೀರು ಕುಡಿದು, ಚಹಾ ಇಡಲು ಹೋದ. ಮರುದಿನವೂ ಮಾಡಿದ, ಅದರ ಮರುದಿನವೂ. ಈಗ ಬಾಗಿಲು ತೆರೆದಿಟ್ಟುಕೊಂಡೇ.

ನಿನ್ನೆ ಪರೀಕ್ಷೆ. ಮ್ಯಾನೇಜರ್ ಕೋಣೆಯಲ್ಲಿ ಡಾಕ್ಟರು, ಅಪ್ಪ, ಮನವಿ ಬರೆದವಳೆಂದು ನಾನು, ಸಾಕ್ಷಿಗೆ ಸೀಟಿ ಕಂಡಕ್ಟರ್. ಡಾಕ್ಟರು ಬಗ್ಗಿ ಅಂದರು. ಅಪ್ಪನ ಬೆರಳು ಶೂ ದಾರ ಮುಟ್ಟಿತು. ಮಲಗಿ ಕಾಲೆತ್ತಿ ಅಂದರು, ಎತ್ತಿದ. ಸೊಂಟ ಚೆನ್ನಾಗಿದೆ ಅಂತ ಬರೆದೂ ಆಯಿತು. ಮ್ಯಾನೇಜರು ನನ್ನ ಕಡೆ ತಿರುಗಿ, ಸೀಟಿನಲ್ಲಿ ದೋಷ ಇದ್ದಿದ್ದರೆ ನಿಮ್ಮ ತಂದೆ ಈ ವಯಸ್ಸಲ್ಲಿ ಹೀಗೆ ಬಗ್ತಿದ್ರಾ ಅಂತ ಕೇಳಿದರು. ಗೋಡೆಯ ಮೇಲೆ ನಾನೇ ತೆಗೆದ ಝೆರಾಕ್ಸ್ ಪ್ರತಿ. ಮೂರು ಪುಟ ವಾದ ಬರೆದುಕೊಂಡು ಹೋಗಿದ್ದೆ, ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ದೂರು ವಾಪಸ್ ಎಂಬ ಕಾಗದವನ್ನು ಮುಂದಿಟ್ಟು, ಕೂತ್ಕೊಂಡು ರುಜು ಹಾಕಿ ಅಂತ ಅಪ್ಪನಿಗೆ ಕುರ್ಚಿ ತೋರಿಸಿದರು.

ಅಪ್ಪ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡ. ಆಮೇಲೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಕೂರಲ್ಲ ಸಾರ್. ಹೋದ ವರ್ಷ ಇದೇ ಕೋಣೇಲಿ, ಸೀಟು ಸರಿಯಾಗಿದೆ ಅಂತ ಒಂದು ಕಾಗದ ಕೊಟ್ರಿ. ನನಗೆ ನಿಲ್ಲೋಕಾಗ್ತಿರ್ಲಿಲ್ಲ, ಬೇಗ ಮುಗಿದ್ರೆ ಸಾಕು ಅಂತ ರುಜು ಹಾಕ್ಬಿಟ್ಟೆ. ಇವತ್ತು ಸಂಜೆ ತನಕ ನಿಲ್ತೀನಿ. ಸರಿಹೋಗಿದ್ದು ನನ್ನ ಸೊಂಟ. ಸೀಟು ಹಾಗೇ ಇದೆ, ಬಂದು ಕೂತು ನೋಡಿ."

ನಿಂತ ಅಮ್ಮಾ. ಹನ್ನೊಂದರಿಂದ ನಾಲ್ಕರ ತನಕ. ಮ್ಯಾನೇಜರು ಊಟ ಮಾಡಿ ಬಂದರು, ಫೋನ್ ಮಾಡಿದರು, ಫ್ಯಾನ್ ಆರಿಸಿದರು. ಟ್ರಿಪ್ಪು ಮುಗಿಸಿದ ಡ್ರೈವರುಗಳು ಒಬ್ಬೊಬ್ಬರೇ ಬಂದು ಅಪ್ಪನ ಹಿಂದೆ ನಿಂತರು. ಎರಡು ಗಂಟೆಗೆ ಕೆಲವರು ಗೋಡೆಗೆ ಒರಗಿದರು, ಅಪ್ಪ ಒರಗಲಿಲ್ಲ. ನಾಲ್ಕಕ್ಕೆ ಡಾಕ್ಟರೇ ಎದ್ದು ಅಂಗಳಕ್ಕೆ ಹೋಗಿ ಆ ಸೀಟಿನಲ್ಲಿ ಕೂತರು. ಸೀಟಿ ಕಂಡಕ್ಟರ್ ರೈಟ್ ಅಂದ, ಅಪ್ಪ ಪಕ್ಕದಲ್ಲಿ ನಿಂತು ಗೇರು ಹೇಳಿಕೊಡುತ್ತ ಅವರ ಕೈಯಿಂದಲೇ ಅಂಗಳದ ಗುಂಡಿಗಳ ಮೇಲೆ ಮೂರು ಸುತ್ತು ಹೊಡೆಸಿದ. ಇಳಿಯುವಾಗ ಡಾಕ್ಟರು ಹಿಮ್ಮುಖವಾಗಿ ಇಳಿದರು. ತಾವು ಬರೆದದ್ದರ ಕೆಳಗೆ, ಈ ಸೀಟಿನಲ್ಲಿ ಯಾರನ್ನೂ ಕೂರಿಸಬಾರದು ಅಂತ ಇನ್ನೊಂದು ಸಾಲು ಸೇರಿಸಿದರು. ಮ್ಯಾನೇಜರು ಇನ್ನೂ ಏನೂ ಒಪ್ಪಿಲ್ಲ. ಒಪ್ಪದಿದ್ದರೆ ಸೋಮವಾರ ಆ ಬಸ್ಸು ಗೇಟು ದಾಟುವುದಿಲ್ಲ, ಮೂವತ್ತೊಂದು ಜನರೂ ಮಾತು ಕೊಟ್ಟಿದ್ದಾರೆ. ನಾನು ಗೇಟಿನಲ್ಲೇ ಇರುತ್ತೇನೆ.

ನನ್ನ ತತ್ವ ಸುಳ್ಳಾಗಿರಲಿಲ್ಲ, ಅರ್ಧವಾಗಿತ್ತು. ಅಂಗಡಿಯಲ್ಲಿ ಅರ್ಧ ಪುಟ ಮಾತ್ರ ಮೂಡಿ ಹಾಳಾಗಿ ಉಳಿದ ಪ್ರತಿಗಳನ್ನು ಓದಿ ಬೆಳೆದವಳಿಗೆ ಅರ್ಧ ಸಿಕ್ಕುವುದು ಹೊಸದೇನಲ್ಲ. ಮೈ ನಮ್ಮದು, ಅದನ್ನು ಗಟ್ಟಿಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಸೀಟು ಅವರದು, ಅದನ್ನು ಕೊಡದೆ ಅವರಿಗೆ ಬಿಡುಗಡೆಯಿಲ್ಲ. ಎರಡನ್ನೂ ಸೇರಿಸಿ ಹೊಸ ಕರಪತ್ರ ಬರೆಯುತ್ತಿದ್ದೇನೆ. ಹೆಸರು ಹಾಕದೆ ನಿನ್ನ ಚಿತ್ರಗಳನ್ನು ಬಳಸಿಕೊಳ್ಳುತ್ತೇನೆ, ಗುಟ್ಟು ಮಾಡಿದ್ದಕ್ಕೆ ಅದೇ ಶಿಕ್ಷೆ.

ದೊಡ್ಡಮ್ಮನಿಗೆ ನಮಸ್ಕಾರ, ಅವಳಿಗೆ ಕಲಿಸುವ ಹುಡುಗಿಗೆ ಇನ್ನೂ ದೊಡ್ಡ ನಮಸ್ಕಾರ. ನಿನ್ನ ಕಾಲಿಗೆ ಬೀಳುವುದನ್ನು ಸಿಟ್ಟು ಇಳಿದ ಮೇಲೆ ನೋಡೋಣ.

ಇಂತಿ ನಿನ್ನ
ಜಗಳಗಂಟಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದೊಂದು. ಡಾಕ್ಟರು ಬಗ್ಗಿ ಅಂದಾಗ, ಸೊಂಟ ಅಲ್ಲೇ ಹಿಡಿದುಕೊಳ್ಳಲಿ, ಅಪ್ಪ ಒಂದು ಸಲ ಕೂಗಲಿ ಅಂತ ನಾನು ಬಯಸಿದೆ. ಉಗುರು ಅಂಗೈಗೆ ಊರುವಷ್ಟು ಮುಷ್ಟಿ ಹಿಡಿದು ಬಯಸಿದೆ. ಬೆಳಿಗ್ಗೆಯಿಂದ ಇದನ್ನು ಹೇಳಬೇಕೆಂದು ಎರಡು ಸಲ ಅವನ ಮುಂದೆ ಹೋಗಿ ನಿಂತೆ, ಎರಡು ಸಲವೂ ತಿಂಡಿ ಆಯ್ತಾ ಅಂತ ಕೇಳಿ ವಾಪಸ್ ಬಂದೆ. ನೀನು ಹೇಳಿಬಿಡಬೇಡ, ನಾನೇ ಹೇಳಬೇಕು. ಆದರೆ ನೀನು ಪಕ್ಕದಲ್ಲಿ ಇರಬೇಕು. ಭಾನುವಾರದೊಳಗೆ ಬಾ.